ಹೂಂ ಅನ್ನದೆ ಚೀಟಿ ಓಡಿಸದ ಗುರುಪಾದ

ಕೇಳುವವರಿಗೆ ಪುರುಸೊತ್ತಿರಲಿ, ಹೇಳುವವನಿಗೆ ಒಂದು ಕಪ್ಪು ಚಹಾ ಇರಲಿ, ಕತೆಗೆ ಬೇರೇನೂ ಬೇಡ. ಗದಗದ ಕಡೆ ಒಂದು ಊರು. ಊರಿನಲ್ಲೊಬ್ಬ ತಾಯಿ, ಹೆಸರು ನೀಲಗಂಗವ್ವ ಹೂಗಾರ. ಆಕೆಗೊಬ್ಬನೇ ಮಗ, ಹೆಸರು ಗುರುಪಾದ. ತಾಯಿ ಎಷ್ಟು ಚುರುಕೋ ಮಗ ಅಷ್ಟು ಪೆದ್ದ. ಹೇಳಿದ ಮಾತು ಕೇಳದ ಮಕ್ಕಳು ಮನೆಗೊಬ್ಬರು ಸಿಗುತ್ತಾರೆ, ಅವರನ್ನು ಹೇಗೋ ಸಂಭಾಳಿಸಬಹುದು. ಇವನ ತಾಪತ್ರಯವೇ ಬೇರೆ. ಇವನು ಹೇಳಿದ್ದನ್ನು ಕೇಳುತ್ತಿದ್ದ. ಹೇಳಿದಷ್ಟನ್ನೇ ಕೇಳುತ್ತಿದ್ದ.

ಒಂದು ದಿನ ನೀಲಗಂಗವ್ವ ಒಲೆಯ ಮೇಲೆ ಕುಕ್ಕರ್ ಇಟ್ಟು, ಮೂರು ಸೀಟಿ ಆದಮೇಲೆ ಆರಿಸು ಅಂತ ಹೇಳಿ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಳು. ಮೂರು ಸೀಟಿ ಆದವು. ಗುರುಪಾದ ಆರಿಸಿದ. ಊಟಕ್ಕೆ ಕೂತರೆ ಅಕ್ಕಿ ಇನ್ನೂ ಅಕ್ಕಿಯಾಗಿಯೇ ಇತ್ತು. ವಿಚಾರಿಸಿದರೆ ಇವರ ಕುಕ್ಕರ್ ಹೊಡೆದದ್ದು ಒಂದೇ ಸೀಟಿ, ಉಳಿದೆರಡು ಪಕ್ಕದ ಮನೆಯವು.

"ಯಾರ ಮನಿ ಸೀಟಿ ಅಂತ ನೀ ಹೇಳಿದ್ದಿಲ್ಲವ್ವಾ" ಅಂದ ಮಗ.

ನೀಲಗಂಗವ್ವ ಹಣೆ ಬಡಿದುಕೊಂಡಳು. ಇಪ್ಪತ್ತಾರು ವರ್ಷದ ಗಂಡಸು, ಎದೆಯೆತ್ತರ ಬೆಳೆದವನು, ಇವನನ್ನು ಯಾವ ಕೆಲಸಕ್ಕೆ ಹಚ್ಚುವುದು ಅಂತ ಆಕೆಗೆ ತಿಳಿಯಲಿಲ್ಲ.

ಈಗ ಆಕೆಯ ಕೆಲಸದ ಸಂಗತಿ ಹೇಳಬೇಕು. ಆ ಊರಿನಲ್ಲಿ ಒಂದು ಹಾಡಿನ ಭಂಡಾರವಿತ್ತು. ಹಿಂದೆ ಯಾರೋ ಪುಣ್ಯಾತ್ಮರು ಹಳ್ಳಿಹಳ್ಳಿ ತಿರುಗಿ, ಹೆಣ್ಣುಮಕ್ಕಳು ಹಾಡಿದ ಬೀಸುಕಲ್ಲಿನ ಪದ, ಜೋಗುಳ, ಸೋಬಾನೆ ಎಲ್ಲವನ್ನೂ ಟೇಪಿಗೆ ತುಂಬಿಕೊಂಡು ಬಂದಿದ್ದರು. ಒಂಬತ್ತು ಸಾವಿರ ಹಾಡು. ಆಮೇಲೆ ಟೇಪು ಹೋಗಿ ಕಂಪ್ಯೂಟರ್ ಬಂತು, ಹಾಡೆಲ್ಲ ಅದರೊಳಗೆ ಇಳಿದವು. ಟೈಪ್ ಮಾಡಲು ಬಂದ ನೀಲಗಂಗವ್ವ ಕಂಪ್ಯೂಟರಿನ ಕರಿ ಪರದೆಯ ಮುಂದೆ ಕೂತು, ಬಿದ್ದು ಎದ್ದು, ಶೆಲ್ ಸ್ಕ್ರಿಪ್ಟ್ ಬರೆಯುವುದನ್ನು ಕಲಿತುಬಿಟ್ಟಳು. ಶೆಲ್ ಸ್ಕ್ರಿಪ್ಟ್ ಅಂದರೆ ಹೆದರಬೇಡಿ. ಊರಿಗೆ ಹೋಗುವಾಗ ಮನೆಯಲ್ಲಿದ್ದವರಿಗೆ ಬರೆದಿಟ್ಟು ಹೋಗುತ್ತೇವಲ್ಲ, ಮೊದಲು ಇದು ಮಾಡು, ಆಮೇಲೆ ಅದು ಮಾಡು ಅಂತ, ಹಾಗೆ ಮಷಿನ್ನಿಗೆ ಬರೆದಿಡುವ ಚೀಟಿ. ಒಮ್ಮೆ ಬರೆದಿಟ್ಟು ಎಂಟರ್ ಒತ್ತಿದರೆ ಸಾಕು, ಮಷಿನ್ನು ಸಾಲು ಸಾಲಾಗಿ ಓದಿ ಎಲ್ಲ ಮಾಡಿ ಮುಗಿಸುತ್ತದೆ. ಭಂಡಾರದಲ್ಲಿ ಎಲ್ಲರೂ ಅದನ್ನು ಚೀಟಿ ಅಂತಲೇ ಕರೆಯುತ್ತಿದ್ದರು.

ಚೀಟಿಯ ವಿಷಯದಲ್ಲಿ ನೀಲಗಂಗವ್ವನಿಗೆ ತನ್ನದೇ ಹಟಗಳಿದ್ದವು. ಚೀಟಿ ಒಂದು ಪುಟ ದಾಟಬಾರದು. ತಲೆಯ ಮೇಲೆ ಇದನ್ನು ಯಾರು, ಯಾವಾಗ, ಯಾಕೆ ಬರೆದರು ಅಂತ ಇರಲೇಬೇಕು. ಒಂದೇ ಸಾಲಿನಲ್ಲಿ ಏಳು ಕೆಲಸ ತುರುಕುವ ಜಾಣರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ, ಮರುದಿನ ಅವರಿಗೇ ಅದು ತಿಳಿಯುವುದಿಲ್ಲ ಅನ್ನುತ್ತಿದ್ದಳು. ಮೌಸ್ ಹಿಡಿದು ಒಂದೊಂದೇ ಹಾಡು ಹುಡುಕುವವರ ಮೇಲಂತೂ ಕನಿಕರಪಡುತ್ತಿದ್ದಳು.

ಆ ಒಂಬತ್ತು ಸಾವಿರದಲ್ಲಿ ಒಂದು ಹಾಡು ಆಕೆಯ ಸ್ವಂತ ತಾಯಿ ಸಂಗವ್ವನದು. ಸಂಗವ್ವ ತೀರಿ ಇಪ್ಪತ್ತು ವರ್ಷವಾಗಿತ್ತು. ಮನೆಯಲ್ಲಿ ಆಕೆಯದೊಂದು ಫೋಟೊ ಕೂಡ ಇರಲಿಲ್ಲ. ಇದ್ದದ್ದು ಆ ದನಿ ಒಂದೇ.

ಮಾರ್ಚಿ ಕೊನೆಗೆ ನೀಲಗಂಗವ್ವನ ನಿವೃತ್ತಿ. ಅದಕ್ಕೆ ಆರು ತಿಂಗಳು ಮೊದಲೇ ಭಂಡಾರದ ಅಧ್ಯಕ್ಷ ರುದ್ರಗೌಡರು ಕರೆದು ಕೇಳಿದರು: ನಿಮ್ಮ ಹಿಂದೆ ಈ ಚೀಟಿಗಳನ್ನು ಓಡಿಸುವವರು ಯಾರು? ಯಾರೂ ಇಲ್ಲದಿದ್ದರೆ ಮಷಿನ್ನಿಗೆ ಬಟ್ಟೆ ಸುತ್ತಿ ಗೋದಾಮಿಗೆ ಕಳಿಸುವುದೇ ಸೈ. ಗೋದಾಮು ಅಂದರೆ ಇಲಿ, ಧೂಳು, ಸೋರುವ ತಗಡು. ಅಲ್ಲಿಗೆ ಹೋದದ್ದು ಯಾವುದೂ ತಿರುಗಿ ಬಂದದ್ದಿಲ್ಲ. ಕೆಲಸ ಕಲಿಯಲು ಇಬ್ಬರು ಬಂದರು, ಕರಿ ಪರದೆ ನೋಡಿದರು, ನಮಸ್ಕಾರ ಹೇಳಿ ಹೋದರು. ಕೊನೆಗೆ ನೀಲಗಂಗವ್ವ ದಿಕ್ಕು ತೋಚದೆ ಮಗನ ಹೆಸರು ಹೇಳಿದಳು. ಗೌಡರು ನಕ್ಕು, ನಿವೃತ್ತಿಯ ದಿನ ಎಲ್ಲರ ಮುಂದೆ ಪರೀಕ್ಷೆ, ಪಾಸಾದರೆ ಭಂಡಾರ ಉಳಿಯಿತು ಅಂದರು.

ಪೆದ್ದನ ಕೈಗೆ ಒಂಬತ್ತು ಸಾವಿರ ಹಾಡು. ಆಕೆಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು, ನೀವೇ ಹೇಳಿ.

ಮೊದಲ ವಾರ ಗುರುಪಾದನಿಗೆ ಒಂದು ಸಣ್ಣ ಚೀಟಿ ಬರೆಯಲು ಹೇಳಿದಳು. ಎರಡೇ ಸಾಲು. ಒಂದು, ಹಳೆಯ ಕಸವಿರುವ ಫೋಲ್ಡರಿಗೆ ಹೋಗು. ಎರಡು, ಅಲ್ಲಿರುವುದನ್ನೆಲ್ಲ ಅಳಿಸು. ಬರೆದ, ಎಂಟರ್ ಒತ್ತಿದ. ಕಸದ ಫೋಲ್ಡರನ್ನು ಹಿಂದಿನ ದಿನವೇ ಬೇರೆ ಕಡೆ ಸರಿಸಿದ್ದರು. ಮಷಿನ್ನು ಹೋಗಲು ನೋಡಿತು, ದಾರಿ ಸಿಗಲಿಲ್ಲ, ನಿಂತಲ್ಲೇ ನಿಂತಿತು. ಆಮೇಲೆ ಎರಡನೇ ಸಾಲು ಓದಿ, ನಿಂತಲ್ಲಿ ಇದ್ದುದನ್ನೆಲ್ಲ ಅಳಿಸಿತು. ಅಲ್ಲಿದ್ದದ್ದು ನೀಲಗಂಗವ್ವನ ಒಂದು ತಿಂಗಳ ಕೆಲಸ. ಬೇರೆ ಡಿಸ್ಕಿನಲ್ಲಿ ನಕಲು ಇಟ್ಟಿದ್ದಳು, ಬಚಾವಾದಳು.

"ಹೋಗು ಅಂದ್ರ ಹೋಗಿ ಮುಟ್ಟೀಯೋ ಇಲ್ಲೋ ನೋಡ್ಬೇಕಲ್ಲೋ ಹುಚ್ಚಪ್ಪಾ" ಅಂತ ಬೈದಳು. "ಹೋಗಿ ಮುಟ್ಟಲಿಲ್ಲಂದ್ರ ನಿಂತಲ್ಲೇ ನಿಂತುಬಿಡು. ಮುಂದಿನ ಕೆಲಸ ಒಂದೂ ಮಾಡಬ್ಯಾಡ."

ಚೀಟಿಗೆ ಇದು ಚಿನ್ನದಂಥ ಬುದ್ಧಿವಾದ. ಗುರುಪಾದ ಹೂಂ ಅಂದ.

ಮುಂದಿನ ವಾರ ರೋಣದಲ್ಲಿದ್ದ ಅಣ್ಣನ ಮಗಳ ಕುಬುಸ, ಅಂದರೆ ಸೀಮಂತ. ನೀಲಗಂಗವ್ವ ಎರಡು ಡಬ್ಬಿ ಶೇಂಗಾ ಹೋಳಿಗೆ ಮಾಡಿ, ಬೆಳಗಿನ ಬಸ್ಸಿಗೆ ಮಗನನ್ನು ಹತ್ತಿಸಿ, ಮಾವನ ಮನೆಗೆ ಹೋಗಿ ಇವನ್ನು ಕೊಡು ಅಂದಳು. ಅರ್ಧ ದಾರಿಯಲ್ಲಿ ಬಸ್ಸಿನ ಗಾಲಿ ಸಿಡಿಯಿತು. ಹಿಂದೆ ಇನ್ನೊಂದು ಬಸ್ಸು ಬಂತು, ಎಲ್ಲರೂ ಹತ್ತಿ ಹೋದರು. ಗುರುಪಾದ ಹತ್ತಲಿಲ್ಲ. ಹೋಗಿ ಮುಟ್ಟಲಿಲ್ಲಂದರೆ ನಿಂತಲ್ಲೇ ನಿಲ್ಲಬೇಕು. ಬೇವಿನ ಗಿಡದ ಕೆಳಗೆ ಎರಡು ಡಬ್ಬಿ ಎರಡು ಕೈಯಲ್ಲಿ ಹಿಡಿದು ನಿಂತ. ಡಬ್ಬಿ ಕೆಳಗಿಡಲೂ ಇಲ್ಲ, ಅದೂ ಮುಂದಿನ ಕೆಲಸವಲ್ಲವೇ. ಆ ದಾರಿಯಲ್ಲಿ ಮೂರು ಬಸ್ಸು ಹೋದವು, ಒಂದು ಟ್ರ್ಯಾಕ್ಟರ್ ಹೋಯಿತು, ಕುಬುಸಕ್ಕೆ ಹೋಗಿದ್ದ ಬೀಗರು ಉಂಡು ತಿರುಗಿ ಬಂದರು. ಸಂಜೆ ಅವರೇ ಗುರುತು ಹಿಡಿದು ಮನೆಗೆ ಕರೆತಂದರು.

ನೀಲಗಂಗವ್ವನ ಅಣ್ಣ ಫೋನಿನಲ್ಲಿ ಆಕೆಯನ್ನು ಬೈದ, ಆಕೆ ಮಗನನ್ನು ಬೈದಳು. ಬೈದು ಸಾಕಾಗಿ ಹೊಸ ಬುದ್ಧಿ ಹೇಳಿದಳು. "ಏನರೆ ಮಾಡೋಕಿಂತ ಮೊದಲ ಏನ್ ಮಾಡ್ತೀನಿ ಅಂತ ಬಾಯಿಬಿಟ್ಟು ಹೇಳು. ಕೇಳಿದವ್ರು ತಪ್ಪಿದ್ರ ತಿದ್ದತಾರ."

ಇದು ಆಕೆಯ ಚೀಟಿಗಳ ಮೊದಲ ನಿಯಮವೂ ಹೌದು. ಅಳಿಸುವ ಚೀಟಿ ಬರೆದರೆ, ಮೊದಲ ಸಲ ಅಳಿಸಲು ಬಿಡುತ್ತಿರಲಿಲ್ಲ. ಏನೇನು ಅಳಿಸುತ್ತೀ, ಬರೀ ಹೇಳು ಅಂತ ಮಷಿನ್ನಿನಿಂದ ಹೇಳಿಸಿ, ಪಟ್ಟಿ ಓದಿ ನೋಡಿ, ಎರಡನೇ ಸಲ ನಿಜವಾಗಿ ಓಡಿಸುತ್ತಿದ್ದಳು. ಈ ನಿಯಮ ನೆನಪಿಡಿ, ಕತೆಗೆ ಬೇಕಾಗುತ್ತದೆ.

ಗುರುಪಾದ ಹೂಂ ಅಂದ. ಮರುವಾರ ಅವನಿಗೊಂದು ಕನ್ಯೆ ನೋಡಲು ಹೋದರು. ಹೋಗುವ ಮೊದಲು ತಾಯಿ ಕಿವಿಯಲ್ಲಿ ನಾಲ್ಕು ಮಾತು ಹೇಳಿದ್ದಳು. ಹುಡುಗಿಯ ಮನೆಯವರು ಚಾಪೆ ಹಾಸಿ, ಉಪ್ಪಿಟ್ಟು ಕೊಟ್ಟು, ಎದುರಿಗೆ ಕೂತರು. ಗುರುಪಾದ ಗಂಟಲು ಸರಿಮಾಡಿಕೊಂಡ.

"ಈಗ ಉಪ್ಪಿಟ್ಟು ತಿಂತೀನ್ರಿ" ಅಂದ. ತಿನ್ನಪ್ಪಾ ಅಂದರು. ತಿಂದ. "ಈಗ ಎರಡನೇ ಸರತಿ ಕೊಟ್ರ ಬ್ಯಾಡ ಅಂತೀನ್ರಿ. ಮೂರನೇ ಸರತಿ ಕೊಟ್ರ ಒತ್ತಾಯಕ್ಕ ಅಂತ ತಗೋತೀನ್ರಿ." ಅವರು ಮುಖ ಮುಖ ನೋಡಿಕೊಂಡರು. "ಈಗ ಕೈ ತೊಳಿಯಾಕ ಹಿತ್ತಲಕ್ಕ ಹೋಗ್ತೀನ್ರಿ. ಹೋದಾಗ ನಿಮ್ಮ ಮನ್ಯಾಗ ಎಮ್ಮಿ ಎಷ್ಟು ಅದಾವ ಅಂತ ಎಣಿಸಿಕೊಂಡು ಬಂದು ಅವ್ವಗ ಹೇಳ್ತೀನ್ರಿ."

ಬಾಗಿಲ ಹಿಂದೆ ಹುಡುಗಿ ನಕ್ಕದ್ದು ಕೇಳಿಸಿತು. ನಕ್ಕವಳು ಆಕೆ ಒಬ್ಬಳೇ. ನೀಲಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಬಂದಳು.

ದಾರಿಯುದ್ದ ಬೈದಳು. ಮನೆಗೆ ಬಂದು ನೀರು ಕುಡಿದು ಮತ್ತೆ ಬೈದಳು. ಆಮೇಲೆ ಹೊಸ ಬುದ್ಧಿ. "ಎಲ್ಲಾ ಒದರಬ್ಯಾಡೋ. ಛಲೋ ಚೀಟಿ ನೋಡು, ಕೆಲಸ ನೆಟ್ಟಗಾದ್ರ ಪಿಟ್ಟಂತ ಅನ್ನೂದಿಲ್ಲ. ತಪ್ಪಾದದ್ದಷ್ಟ ಹೇಳ್ತದ. ಹಂಗಿರು."

ಇದೂ ಆಕೆಯ ಇಷ್ಟದ ಮಾತು. ಎಲ್ಲ ಸರಿಯಾಯಿತು, ಎಲ್ಲ ಸರಿಯಾಯಿತು ಅಂತ ನೂರು ಸಾಲು ಕಕ್ಕುವ ಚೀಟಿಗಳಲ್ಲಿ ನಿಜವಾದ ತಪ್ಪು ಮುಳುಗಿಹೋಗುತ್ತದೆ ಅನ್ನುತ್ತಿದ್ದಳು. ಗುರುಪಾದ ಹೂಂ ಅಂದ.

ಫೆಬ್ರುವರಿಯಲ್ಲಿ ಭಂಡಾರದ ವಾರ್ಷಿಕ ಸಭೆ. ಹಳ್ಳಿಯ ಹಾಡುಗಾರ್ತಿ ಮುದುಕಿಯೊಬ್ಬರಿಗೆ ಶಾಲು ಹೊದಿಸುವ ಕಾರ್ಯಕ್ರಮ. ವಂದನಾರ್ಪಣೆ ಮಾಡುವವರು ಬರಲಿಲ್ಲ. ಯಾರೋ ಗುರುಪಾದನ ಕೈಗೆ ಮೈಕು ಕೊಟ್ಟು, ಕಾರ್ಯಕ್ರಮ ಹೇಗಾಯಿತು ಅಂತ ನಾಲ್ಕು ಮಾತಾಡು ಅಂದರು. ಅವನು ಎದ್ದು ನಿಂತು ನೆಟ್ಟಗಾದದ್ದನ್ನೆಲ್ಲ ಬಿಟ್ಟ, ತಪ್ಪಾದದ್ದಷ್ಟೇ ಹೇಳಿದ. ಅಧ್ಯಕ್ಷರು ಒಂದು ತಾಸು ತಡವಾಗಿ ಬಂದರು. ಬಂದು ಒಂದೂವರೆ ತಾಸು ಮಾತಾಡಿದರು. ಸನ್ಮಾನ ಮಾಡುವಾಗ ಅಜ್ಜಿಯ ಹೆಸರು ತಪ್ಪು ಹೇಳಿದರು. ಹಾರ ಬಾಡಿತ್ತು, ಶಾಲಿಗೆ ಅಂಗಡಿಯ ಚೀಟಿ ಹಾಗೇ ಇತ್ತು. ಇಷ್ಟು ಹೇಳಿ ನಮಸ್ಕಾರ ಹಾಕಿ ಕೂತ. ಅಜ್ಜಿಯೊಬ್ಬರೇ ಚಪ್ಪಾಳೆ ತಟ್ಟಿದರು.

ರುದ್ರಗೌಡರ ಮುಖ ಕೆಂಪಡರಿತು. ಮಾರ್ಚಿ ಮೂವತ್ತೊಂದಕ್ಕೆ ಪರೀಕ್ಷೆ ಇಲ್ಲಿಯೇ, ಹೀಗೇ ಎಲ್ಲರೆದುರಿಗೇ ಆಗಲಿ ಅಂದರು. ಅಂದೇ ಮಧ್ಯಾಹ್ನ ಗೋದಾಮಿನ ಬೀಗದ ಕೈ ತರಿಸಿ ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು.

ಆ ಬೀಗದ ಕೈ ಕಂಡು ನೀಲಗಂಗವ್ವನ ಜೀವ ಹಾರಿಹೋಯಿತು. ಈ ಸಲ ಬೈಯಲೂ ತ್ರಾಣವಿರಲಿಲ್ಲ. ಮಗನನ್ನು ಎದುರಿಗೆ ಕೂಡಿಸಿಕೊಂಡು ನಿಧಾನವಾಗಿ ಹೇಳಿದಳು. "ದೊಡ್ಡವ್ರ ಮುಂದ ತಪ್ಪು ಎತ್ತಿ ಆಡಬಾರದು ಮಗನ. ಸಂಶೇ ಬಂದ್ರ ಮೆತ್ತಗ ಕೇಳು. ಹೂಂ ಅಂತೀರೋ, ಊಹೂಂ ಅಂತೀರೋ ಅಂತ. ಅವೆರಡರಾಗ ಒಂದು ಉತ್ತರ ಬರೋತನಕ ಕೈ ಕಟ್ಟಿಕೊಂಡು ಕೂಡು."

ಗುರುಪಾದ ಹೂಂ ಅಂದ.

ಮಾರ್ಚಿ ಮೂವತ್ತೊಂದು ಬಂತು. ಭಂಡಾರದ ಹಜಾರದ ತುಂಬ ಮಂದಿ. ಅಜ್ಜಿಯೂ ಬಂದಿದ್ದರು, ಅದೇ ಶಾಲು ಹೊದ್ದುಕೊಂಡು. ಗೌಡರು ಆ ದಿನವೂ ತಡವಾಗಿ ಬಂದರು, ಬೀಗದ ಕೈ ಜೇಬಿನಲ್ಲಿ ಗಿಲಿಗಿಲಿ ಅನ್ನುತ್ತಿತ್ತು. ನೀಲಗಂಗವ್ವ ಇಳಕಲ್ ಸೀರೆ ಉಟ್ಟು, ಬೆಳಗಿನಿಂದ ಕೂತು ಒಂದು ಹೊಸ ಚೀಟಿ ಬರೆದಿದ್ದಳು. ಒಮ್ಮೆ ಎಂಟರ್ ಒತ್ತಿದರೆ ಸಾಕು, ಮೊದಲು ಒಂದು ಫೋಲ್ಡರಿನ ಕಸ ಅಳಿಸುತ್ತದೆ, ಆಮೇಲೆ ಒಂಬತ್ತು ಸಾವಿರ ಹಾಡಿನ ಪಟ್ಟಿ ಮಾಡುತ್ತದೆ, ಕೇಳಿದ ಹಾಡನ್ನು ಹುಡುಕಿ ಹಾಕುತ್ತದೆ. ಮೂವತ್ತು ವರ್ಷದ ವಿದ್ಯೆಯೆಲ್ಲ ಆ ಒಂದು ಪುಟದಲ್ಲಿತ್ತು. ಯಾವ ನಷ್ಟವೂ ಆಗದಿರಲಿ ಅಂತ ನಕಲಿನ ಡಿಸ್ಕನ್ನೂ ಅದೇ ಮಷಿನ್ನಿಗೆ ಸಿಕ್ಕಿಸಿಟ್ಟಿದ್ದಳು. ಮಗ ಬರೀ ಎಂಟರ್ ಒತ್ತಿದರೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ಅವನಿಂದ ಕೇಳುವ ಧೈರ್ಯ ಆಕೆಗಿರಲಿಲ್ಲ.

ಗುರುಪಾದ ಕುರ್ಚಿಯಲ್ಲಿ ಕೂತ. ಚೀಟಿಯನ್ನು ಮೇಲಿನಿಂದ ಓದಿದ, ಮಷಿನ್ನು ಓದುವ ಹಾಗೆ, ಒಂದೊಂದೇ ಸಾಲು. ಮೂರನೇ ಸಾಲಿಗೆ ಬಂದು ನಿಂತ. ತಾಯಿಯ ಕಡೆ ತಿರುಗಿ ಮೆತ್ತಗೆ ಏನೋ ಕೇಳಿದ. ಮೆತ್ತಗೆ ಅಂದರೆ ಎಷ್ಟು ಮೆತ್ತಗೆ, ಅವನ ಕಿವಿಗೇ ಕೇಳಿಸಿತೋ ಇಲ್ಲವೋ. ಆ ಗದ್ದಲದಲ್ಲಿ ನೀಲಗಂಗವ್ವನಿಗೆ ಕೇಳಿದ್ದು ಕೊನೆಯ ತುಂಡು ಒಂದೇ: "ಹೂಂ ಅಂತಿಯೋ, ಊಹೂಂ ಅಂತಿಯೋ?"

"ಒತ್ತೋ" ಅಂದಳು.

ಗುರುಪಾದ ಕೈ ಕಟ್ಟಿಕೊಂಡ. ಒತ್ತು ಅನ್ನುವುದು ಹೂಂ ಅಲ್ಲ, ಊಹೂಂ ಕೂಡ ಅಲ್ಲ. ಮತ್ತೆ ಅಷ್ಟೇ ಮೆತ್ತಗೆ ಕೇಳಿದ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗೌಡರು ಗಡಿಯಾರ ನೋಡಿಕೊಂಡು, ಒಂದು ಗುಂಡಿ ಒತ್ತಲಿಕ್ಕೆ ಬಾರದವನ ಕೈಗೆ ಭಂಡಾರ ಕೊಡಬೇಕಂತೆ, ನಡೀರಿ ಅಂತ ಜೇಬಿಗೆ ಕೈ ಹಾಕಿದರು. ನೀಲಗಂಗವ್ವನಿಗೆ ಗೋದಾಮಿನ ಮೂಲೆಯಲ್ಲಿ ತನ್ನ ತಾಯಿಯ ದನಿಯ ಮೇಲೆ ಇಲಿ ಓಡಾಡುವುದು ಕಂಡಂತಾಯಿತು. ಒತ್ತಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ ಅಂದಳು. ಅದೂ ಉತ್ತರವಲ್ಲ. ಗುರುಪಾದ ಕಟ್ಟಿದ ಕೈ ಬಿಚ್ಚಲಿಲ್ಲ.

ಹಾಳಾಗಿ ಹೋಗಲಿ, ಕಿವಿಯಲ್ಲಿ ಹೂಂ ಅಂದುಬಿಡೋಣ ಅಂತ ಆಕೆ ಬಗ್ಗಿದಳು. ಬಗ್ಗಿದಾಗ ಕಣ್ಣು ಪರದೆಯ ಮೇಲೆ ಬಿತ್ತು. ಮೂರನೇ ಸಾಲು. ಕಸದ ಫೋಲ್ಡರಿನ ಹೆಸರು ಬರೆಯಬೇಕಾದ ಜಾಗ ಖಾಲಿ ಇತ್ತು. ಆಮೇಲೆ ತುಂಬಿದರಾಯಿತು ಅಂತ ಬಿಟ್ಟವಳು, ಸೀರೆ ಹೂವು ನೆಂಟರ ಗಡಿಬಿಡಿಯಲ್ಲಿ ಮರೆತಿದ್ದಳು. ಜಾಗ ಖಾಲಿ ಇದೆ ಅಂತ ಮಷಿನ್ನು ಸುಮ್ಮನೆ ಕೂಡುವುದಿಲ್ಲ. ಯಾವ ಫೋಲ್ಡರ್ ಅಂತ ಹೇಳದಿದ್ದರೆ ಬುಡದಿಂದಲೇ ಹಿಡಿದು, ತನ್ನೊಳಗಿದ್ದದ್ದು, ತನಗೆ ಸಿಕ್ಕಿಸಿದ್ದು, ಎಲ್ಲವನ್ನೂ ಅಳಿಸುತ್ತ ಹೋಗುತ್ತದೆ. ಒಂಬತ್ತು ಸಾವಿರ ಹಾಡು. ಅದರ ನಕಲು. ಸಂಗವ್ವ. ಮೊದಲು ಹೇಳಿಸಿ ಆಮೇಲೆ ಅಳಿಸಬೇಕು ಅಂತ ಊರಿಗೆಲ್ಲ ಬುದ್ಧಿ ಹೇಳಿದವಳು, ಈ ಒಂದು ದಿನ, ಜಂಬದಲ್ಲಿ, ತಾನೇ ಅದನ್ನು ಬಿಟ್ಟಿದ್ದಳು.

"ಏನ್ ಕೇಳಿದಿ ಮಗನ? ಗಟ್ಟ್ಯಾಗಿ ಕೇಳು" ಅಂದಳು.

"ಎಲ್ಲಾ ಹಾಡೂ ಅಳಸ್ಲೇನವ್ವಾ? ಹೂಂ ಅಂತಿಯೋ, ಊಹೂಂ ಅಂತಿಯೋ?"

ಜೇಬಿಗೆ ಹೋದ ಗೌಡರ ಕೈ ಅಲ್ಲೇ ನಿಂತಿತು.

"ಊಹೂಂ" ಅಂದಳು ನೀಲಗಂಗವ್ವ. ಅಂದು ನೆಟ್ಟಗೆ ನಿಂತು ಮಂದಿಯ ಕಡೆ ತಿರುಗಿದಳು. "ತಪ್ಪು ನಂದ್ರಿ. ಮೂವತ್ತು ವರ್ಷ ಮಾಡೀನಿ ಅನ್ನೋ ಸೊಕ್ಕಿನ್ಯಾಗ ಹೆಸರು ಬರೆಯೋದು ಬಿಟ್ಟಿದ್ದೆ. ಜಾಣರು ಯಾರರೆ ಈ ಕುರ್ಚಿ ಮ್ಯಾಲ ಕುಂತಿದ್ರ ನಾ ಒತ್ತು ಅನ್ನೂದಕ್ಕ ಒತ್ತಿಬಿಡ್ತಿದ್ರು. ಇವತ್ತ ಒಂದು ಹಾಡೂ ಉಳೀತಿದ್ದಿಲ್ಲ."

ಆಮೇಲೆ ಖಾಲಿ ಜಾಗದಲ್ಲಿ ಹೆಸರು ತುಂಬಿದಳು. ಗುರುಪಾದ ಮತ್ತೆ ಮೇಲಿನಿಂದ ಓದಿದ, ಮತ್ತೆ ಕೇಳಿದ, ಆಕೆ ಹೂಂ ಅಂದಳು. ಒತ್ತಿದ. ಗೌಡರಿಗೆ ಯಾವ ಹಾಡು ಕೇಳಬೇಕೋ ತಿಳಿಯಲಿಲ್ಲ. ನಿಮ್ಮ ತಾಯಿಯವರದೇ ಹಾಕ್ರಿ ಅಂದರು. ಕಣ್ಣು ಮಿಟುಕಿಸುವುದರೊಳಗೆ ಬೀಸುಕಲ್ಲಿನ ಗರಗರ ಹಜಾರ ತುಂಬಿತು, ಅದರ ಮೇಲೆ ಸಂಗವ್ವನ ದನಿ:

ಕಲ್ಲು ತಿರುಗಿದರ ಕಾಳೆಲ್ಲ ಹಿಟ್ಟಾತು
ಸೊಲ್ಲು ತಿರುಗಿದರ ಹಾಡಾತು, ತಂಗೆವ್ವ
ನಿಲ್ಲಽಬ್ಯಾಡ ಕೈಯಿ ನಡುವೀಗೆ

ಶಾಲು ಹೊದ್ದ ಅಜ್ಜಿ ಕೂತಲ್ಲೇ ದನಿಗೂಡಿಸಿದರು. ನೀಲಗಂಗವ್ವ ಅತ್ತಳು, ನಕ್ಕಳು, ಮತ್ತೆ ಅತ್ತಳು. ಗೌಡರು ಗೋದಾಮಿನ ಬೀಗದ ಕೈ ಹೊರಗೆ ತೆಗೆದು, ಏನು ಮಾಡಬೇಕೋ ತೋಚದೆ ಗುರುಪಾದನ ಕೈಗೇ ಕೊಟ್ಟು, ನಾಳೆಯಿಂದ ಭಂಡಾರ ನಿನ್ನದು ಅಂದರು. ಮಷಿನ್ನೂ ಇವನೂ ಒಂದೇ ನಕ್ಷತ್ರದಲ್ಲಿ ಹುಟ್ಟಿದವರು ಅಂತ ಯಾರೋ ಅಂದದ್ದಕ್ಕೆ ಈ ಸಲ ಯಾರೂ ಕಿಸಕ್ಕನೆ ನಗಲಿಲ್ಲ. ಗೆದ್ದವನನ್ನು ಹೆಗಲ ಮೇಲೆ ಹೊತ್ತುಕೊಳ್ಳುವುದೊಂದು ಬಾಕಿ ಇತ್ತು.

ಮನೆಗೆ ಹೊರಡುವ ಮುನ್ನ ನೀಲಗಂಗವ್ವ ಮಗನ ತಲೆ ಸವರಿ ಕೊನೆಯ ಬುದ್ಧಿ ಹೇಳಿದಳು. "ದಿನಾ ಹತ್ತಕ್ಕ ಇಲ್ಲೆ ಏನೇನ್ ನಡೀತಿತ್ತೋ, ನಾ ಇಲ್ಲಂದ್ರೂ ಎಲ್ಲಾ ಹಂಗ ನಡೀಬೇಕು. ಹೊತ್ತಿಗೆ ಸರಿಯಾಗಿ ತಾನ ಓಡೋ ಚೀಟಿ ಬರೆದಿಡು."

ಅಯ್ಯೋ, ಗೆದ್ದ ಖುಷಿಯಲ್ಲಿ ಆಕೆ ಮರೆತಳು, ತಾನು ಹೇಳುತ್ತಿರುವುದು ಯಾರಿಗೆ ಅಂತ. ಗುರುಪಾದ ಹೂಂ ಅಂದ. ಕೂತು ಯೋಚಿಸಿದ. ದಿನಾ ಹತ್ತಕ್ಕೆ ಏನೇನು ನಡೆಯುತ್ತಿತ್ತು? ಬಾಗಿಲು ತೆಗೆಯುವುದು, ಮಷಿನ್ನು ಹಚ್ಚುವುದು, ಪಟ್ಟಿ ನೋಡುವುದು. ಮತ್ತೊಂದು? ಮತ್ತೊಂದು, ಅವ್ವ ಬೈಯುವುದು. ಅದು ಒಂದು ದಿನವೂ ತಪ್ಪಿದ್ದಿಲ್ಲ. ಹಾಡು ತುಂಬಿಕೊಳ್ಳುವ ಮೈಕು ಸದಾ ಚಾಲೂ ಇರುತ್ತಿದ್ದ ಜಾಗ ಅದು, ಆರು ತಿಂಗಳ ಬೈಗುಳ ಚೊಕ್ಕವಾಗಿ ಸಿಕ್ಕಿತು.

ಮರುದಿನ ಹತ್ತು ಗಂಟೆ ಆಗಿ ಹತ್ತು ನಿಮಿಷಕ್ಕೆ ರುದ್ರಗೌಡರು ಭಂಡಾರದ ಮೆಟ್ಟಿಲು ಹತ್ತುತ್ತಿದ್ದರು. ಚೀಟಿ ಹತ್ತಕ್ಕೇ ಶುರುವಾಗಿ, ಬಾಗಿಲ ಮೇಲಿನ ದೊಡ್ಡ ಸ್ಪೀಕರಿನಲ್ಲಿ ನೀಲಗಂಗವ್ವನ ದನಿ ಓಣಿಯ ತುದಿತನಕ ಮೊಳಗುತ್ತಿತ್ತು. "ಈಗ ಬಂದೇನು? ಹೊತ್ತು ಎಷ್ಟಾತು ಅನ್ನೋ ಖಬರ್ ಐತೇನು ನಿನಗ? ಕಾಲು ಒರಸಿಕೊಂಡು ಒಳಗ ಬಾ."

ಗೌಡರು ನಿಂತಲ್ಲೇ ನಿಂತರು. ಆಚೆ ಈಚೆ ನೋಡಿದರು. ತಡವಾತ್ರಿ ಅಮ್ಮಾ, ನಾಳಿಂದ ಹೊತ್ತಿಗೆ ಬರ್ತೀನಿ ಅಂತ ಸ್ಪೀಕರಿಗೆ ಕೈ ಮುಗಿದು, ಎರಡೂ ಕಾಲು ಒರಸಿಕೊಂಡು ಒಳಗೆ ಹೋದರು. ಆ ದಿನದಿಂದ ಅವರು ಒಂದು ಸಭೆಗೂ ತಡ ಮಾಡಿದ್ದಿಲ್ಲ.

ಮೂರು ಓಣಿ ಆಚೆ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ನೀಲಗಂಗವ್ವನಿಗೆ ತನ್ನ ದನಿ ತನಗೇ ಕೇಳಿಸಿತು. ಮೊರ ಬಿಟ್ಟು, ಚಪ್ಪಲಿಯಿಲ್ಲದೆ ಓಡಿ ಬಂದಳು. ಪಟ್ಟಿ ತೆಗೆದು ನೋಡಿದರೆ ಬೀಸುಕಲ್ಲಿನ ಪದಗಳ ಸಾಲಿನಲ್ಲಿ, ಸಂಗವ್ವನ ಹೆಸರಿನ ಮಗ್ಗುಲಿಗೆ, ಇವಳ ಹೆಸರು. ಕೆಳಗೆ ಬರೆದಿತ್ತು: ಬೈಗುಳ, ನೂರಾ ಎಂಬತ್ತು. ಆಕೆ ಸೊಂಟಕ್ಕೆ ಸೆರಗು ಸಿಗಿಸಿ, ಉಸಿರು ಎಳೆದುಕೊಂಡು, ಹೊಸದಾಗಿ ಬೈಯಲು ಶುರು ಮಾಡಿದಳು. ಗುರುಪಾದ ಕೈ ಕಟ್ಟಿಕೊಂಡು ಪೂರ್ತಿ ಕೇಳಿದ. ಆಕೆ ಉಸಿರಿಗೆ ನಿಂತಾಗ ಮೈಕನ್ನು ಮೆಲ್ಲಗೆ ಹತ್ತಿರ ಸರಿಸಿದ.

"ಇದನ್ನೂ ಇಟ್ಟುಕೊಳ್ಳಲೇನವ್ವಾ? ಹೂಂ ಅಂತಿಯೋ, ಊಹೂಂ ಅಂತಿಯೋ?"

ನೀಲಗಂಗವ್ವ ಮಗನ ಮುಖ ನೋಡಿದಳು. ತಾಯಿಯ ಹೆಸರಿನ ಮಗ್ಗುಲಿಗಿದ್ದ ತನ್ನ ಹೆಸರು ನೋಡಿದಳು. ಹೂಂ ಅಂದಳು.

ಈಗ ನೂರಾ ಎಂಬತ್ತೊಂದು. ನೀವು ಆ ಕಡೆ ಹೋದರೆ ಹತ್ತು ಗಂಟೆಗೆ ಕಿವಿಗೊಡಿ, ಬೈಗುಳವೆಲ್ಲ ಮುಗಿದ ಮೇಲೆ ಕೊನೆಗೆ ಆ ಹೂಂ ಕೂಡ ಕೇಳಿಸುತ್ತದೆ. ಕಾಲು ಮಾತ್ರ ಒರಸಿಕೊಂಡು ಒಳಗೆ ಹೋಗಿ.